ಹನ್ನೊಂದೋ ಹದಿನೇಳೋ

ಹುಲಿಕಲ್ ಸಮೀಪ
9 ಮೇ 2021

ಪ್ರೀತಿಯ ಭಾವನಾ,

ಫೋನು ಮಾಡುವ ಚಿಕ್ಕಮ್ಮ ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ. ಗಾಳಿಗೆ ಕರೆಂಟು, ಟವರ್ ಎರಡೂ ಹೋಗಿ ಆರು ದಿನವಾಯಿತು. ಹೊಸನಗರದ ತನಕ ಹೋದರೆ ಮಾತ್ರ ಫೋನು ಹತ್ತುತ್ತದೆ, ಹೋಗಲು ನನಗೆ ಪುರುಸೊತ್ತಿಲ್ಲ. ನಿಮ್ಮ ಲ್ಯಾಬಿಗೆ ಐಸ್ ಡಬ್ಬಿಯಲ್ಲಿ ರಕ್ತ ತರುವ ಜೀಪಿನ ವಿನೋದನ ಕೈಯಲ್ಲೇ ಇದನ್ನೂ ಕೊಟ್ಟಿದ್ದೇನೆ. ಅವನು ದಿನ ಬಿಟ್ಟು ದಿನ ಓಡಾಡುತ್ತಾನೆ. ನೀನೂ ಅವನ ಕೈಯಲ್ಲೇ ಉತ್ತರ ಕೊಡು.

ಹನ್ನೆರಡು ದಿನದಲ್ಲಿ ನಾನು ನೋಡಿಕೊಳ್ಳುವ ನಾಲ್ಕು ಊರಲ್ಲಿ ಐದು ಜನ ಹೋದರು. ಜ್ವರದಲ್ಲಿ ನರಳಿ ಹೋಗಿದ್ದರೆ ಇಷ್ಟು ದಿಗಿಲಾಗುತ್ತಿರಲಿಲ್ಲ. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಕಾಫಿ ಕುಡಿದ ಮನುಷ್ಯನ ಬೆರಳಿಗೆ ಮಧ್ಯಾಹ್ನ ಆಕ್ಸಿಮೀಟರ್ ಹಾಕಿದರೆ ಎಪ್ಪತ್ತೆಂಟು. ‘ನಂಗೆ ಎಂತದೂ ಆಗ್ತಿಲ್ಲ ಸಿಸ್ಟರ್, ನಿಮ್ ಮಷೀನ್ ಹಾಳಾಗಿದೆ’ ಅಂದ. ಸಂಜೆಗೆ ಅವನಿರಲಿಲ್ಲ.

ಹೊಸನಗರದ ಡಾಕ್ಟರ್ ಹೇರಂಬ ಈಗ ಹೊಸ ಕ್ರಮ ಮಾಡಿದ್ದಾರೆ. ಜ್ವರ ಬಂದ ಐದನೇ ದಿನ ಎಲ್ಲರ ರಕ್ತ ತೆಗೆದು ಸಾಗರಕ್ಕೆ ಕಳಿಸುವುದು. ಉಸಿರು ಕೆಡುವುದಕ್ಕೆ ಎರಡು ಮೂರು ದಿನ ಮುಂಚೆಯೇ ರಕ್ತದಲ್ಲಿ ಗೊತ್ತಾಗುತ್ತದಂತೆ. ಯಾರ ಅಂಕಿ ಏರಿದೆಯೋ ಅವರನ್ನು ಚೆನ್ನಾಗಿ ಕಂಡರೂ ಆಸ್ಪತ್ರೆಗೆ ಕಳಿಸುವುದು, ಉಳಿದವರು ಮನೆಯಲ್ಲೇ. ತೀರ್ಥಹಳ್ಳಿಯಲ್ಲಿ ನಮ್ಮ ಕಡೆಯವರಿಗೆ ಒಂದು, ಹೆಚ್ಚೆಂದರೆ ಎರಡು ಆಕ್ಸಿಜನ್ ಬೆಡ್ ಸಿಗುತ್ತಿದೆ. ಹಾಗಾಗಿ ಯಾರು ಮೊದಲು ಎನ್ನುವುದನ್ನು ನಿನ್ನ ಅಂಕಿಯೇ ಹೇಳಬೇಕು.

ಆ ಅಂಕಿಗಳ ಅರ್ಥ ಏನೆಂದು ನನಗೆ ತಿಳಿಯುವ ಹಾಗೆ ಬರೆ. ಜನ ಕೇಳುತ್ತಾರೆ. ಹದಿನಾರು ವರ್ಷ ಸೂಜಿ ಹಿಡಿದ ಕೈ ನನ್ನದು, ಈಗ ಒಂದೊಂದು ಮನೆಯ ಮೆಟ್ಟಿಲು ಹತ್ತುವಾಗಲೂ ಒಳಗೆ ಏನು ಕಾದಿದೆಯೋ ಎಂದು ಬಾಗಿಲು ತಟ್ಟದೆ ನಿಂತುಬಿಡುತ್ತೇನೆ. ಇದನ್ನು ಇಲ್ಲಿ ಯಾರ ಹತ್ತಿರವೂ ಹೇಳುವ ಹಾಗಿಲ್ಲ. ನಿನ್ನ ಅಮ್ಮನಿಗೂ ಹೇಳಬೇಡ.

ನಿನ್ನ ಚಿಕ್ಕಮ್ಮ
ವನಮಾಲಾ

ಸಾಗರ
11 ಮೇ 2021

ಪ್ರೀತಿಯ ಚಿಕ್ಕಮ್ಮ,

ಕಾಗದ ನೋಡಿ ಗಾಬರಿಯೇ ಆಯಿತು. ಓದಿದ ಮೇಲೆ ಸಮಾಧಾನವೂ ಆಗಲಿಲ್ಲ. ಮೇಳಿಗೆಯ ಮನೆಗೆ ಫೋನು ಮಾಡಿ ಅಮ್ಮನಿಗೆ ನೀನು ಆರಾಮಾಗಿದ್ದೀ ಎಂದಷ್ಟೇ ಹೇಳಿದೆ.

ಅಂಕಿಗಳ ವಿಷಯ. ಮೂರನ್ನು ನೋಡಿಕೋ. ಸಿಆರ್‌ಪಿ ಎಂದರೆ ಒಳಗೆಲ್ಲೋ ಉರಿ ಎದ್ದಿದೆ ಎನ್ನುವುದಕ್ಕೆ ಗುರುತು. ಡಿ-ಡೈಮರ್ ಎಂದರೆ ರಕ್ತ ಸಣ್ಣ ಸಣ್ಣ ಗರಣೆ ಕಟ್ಟಿ ಒಡೆದಾಗ ಉಳಿಯುವ ಚೂರು. ಅದು ಜಾಸ್ತಿಯಾದರೆ ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತಿದೆ ಎಂಬ ಅನುಮಾನ. ಮೂರನೆಯದು ಐಎಲ್-6. ಸೋಂಕು ತಗುಲಿದ ಜೀವಕೋಶಗಳು ಸಹಾಯಕ್ಕೆ ಕರೆಯುವ ಕೂಗು ಎಂದುಕೋ. ಸ್ವಲ್ಪ ಕೂಗಿದರೆ ಒಳ್ಳೆಯದು. ಮೈಯೆಲ್ಲ ಒಟ್ಟಿಗೆ ಕೂಗತೊಡಗಿದರೆ ಕಾಯಲು ಬಂದವರೇ ಮನೆ ಮುರಿಯುತ್ತಾರೆ. ಏಳರ ಒಳಗಿದ್ದರೆ ಸರಿ. ನೂರು ದಾಟಿದರೆ ಆ ಮನುಷ್ಯ ನಗುತ್ತಿದ್ದರೂ ಗಾಡಿ ಹತ್ತಿಸು.

ಒಂದು ಮಾತು ನೆನಪಿಟ್ಟುಕೋ. ಇದು ಜಾತಕವಲ್ಲ. ಹೆಚ್ಚಿನ ಸಲ ಸರಿಯಾಗುತ್ತದೆ, ಎಲ್ಲ ಸಲವೂ ಅಲ್ಲ.

ಇಲ್ಲಿ ಜೊತೆಯ ಇಬ್ಬರಿಗೂ ಪಾಸಿಟಿವ್ ಬಂದು ಮನೆಯಲ್ಲಿದ್ದಾರೆ, ನಾನೊಬ್ಬಳೇ. ದಿನಕ್ಕೆ ನೂರೈವತ್ತು ಜನರ ರಕ್ತ. ಗೊತ್ತಿರುವವರ ಹೆಸರು ಬಂದಾಗ ಆ ಟ್ಯೂಬನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ ಚಿಕ್ಕಮ್ಮ. ನಿನ್ನೆ ನನ್ನ ಹೈಸ್ಕೂಲಿನ ಟೀಚರ್ ಒಬ್ಬರದು ಬಂತು. ಅವರಿಗೆ ಗೊತ್ತಾಗುವ ಮೊದಲೇ ನನಗೆ ಗೊತ್ತಾಯಿತು. ನೀನು ಹೆಸರು ಬರೆಯದೆ ಬರೀ ನಂಬರ್ ಹಾಕಿ ಕಳಿಸುತ್ತೀಯಲ್ಲ, ಅದೇ ವಾಸಿ ಅನಿಸಿತು. ಹೆಸರು, ವಯಸ್ಸು ಬೇರೆ ಹಾಳೆಯಲ್ಲಿರುತ್ತದೆ, ನಾನು ಅದನ್ನು ನೋಡುವುದೇ ಇಲ್ಲ.

ಲ್ಯಾಬ್ ಕೋರ್ಸಿಗೆ ನನ್ನನ್ನು ಹಟ ಹಿಡಿದು ಸೇರಿಸಿದವಳು ನೀನು. ಸರಿ ಮಾಡಿದೆಯೋ ಇಲ್ಲವೋ ಇನ್ನು ಮೇಲೆ ಗೊತ್ತಾಗಬೇಕು.

ಭಾವನಾ

ಹುಲಿಕಲ್ ಸಮೀಪ
13 ಮೇ 2021

ಪ್ರೀತಿಯ ಭಾವನಾ,

ನಿನ್ನೆ ಇಲ್ಲಿಗೆ ಬಂದಿದ್ದ ಡಾಕ್ಟರಿಗೂ ನಿನ್ನ ಕಾಗದ ಓದಿ ಹೇಳಿದೆ. ‘ನಿಮ್ಮ ಅಕ್ಕನ ಮಗಳು ನನಗಿಂತ ಚೆನ್ನಾಗಿ ಹೇಳ್ತಾಳೆ’ ಎಂದರು.

ಮೊನ್ನೆಯ ರಿಪೋರ್ಟಿನಲ್ಲಿ ನೀನು ಐಎಲ್-6 ನೂರಾ ಮೂವತ್ತು ಎಂದು ಬರೆದ ಆ ಮೂರನೇ ನಂಬರಿನವನನ್ನು ಬಲವಂತವಾಗಿ ಕಳಿಸಿದೆವು. ನಡೆದುಕೊಂಡೇ ಜೀಪು ಹತ್ತಿದ. ಹಾದಿಯಲ್ಲಿ ಆಕ್ಸಿಜನ್ ಇಳಿಯಿತಂತೆ. ಈಗ ಸುಧಾರಿಸಿದ್ದಾನೆ. ಮನೆಯಲ್ಲಿದ್ದಿದ್ದರೆ ಆರನೆಯವನಾಗುತ್ತಿದ್ದ. ಈ ಸುದ್ದಿ ಊರೆಲ್ಲ ಹರಡಿದೆ. ಸೂಜಿ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದವರು ಈಗ ತಾವೇ ಬಂದು ಕೈ ಚಾಚುತ್ತಾರೆ.

ಇವತ್ತು ಇಪ್ಪತ್ತೆರಡು ಜನರದ್ದು ಕಳಿಸಿದ್ದೇನೆ. ನಮ್ಮ ಲೈನ್‌ಮನ್ ನಟರಾಜನದ್ದೂ ಇದೆ. ಮೂವತ್ತಾರು ವರ್ಷ, ಕಂಬ ಹತ್ತುವ ಗಟ್ಟಿ ಆಳು. ಘಾಟಿಯ ಲೈನೆಲ್ಲ ಅವನದೇ ಸುಪರ್ದಿ. ಜ್ವರ ಬಂದು ಐದು ದಿನ, ಆಕ್ಸಿಜನ್ ತೊಂಬತ್ತೇಳು. ‘ನಾನು ಮಲಗಿದ್ರೆ ನಿಮ್ ಟವರಿಗೆ ಕರೆಂಟ್ ಕೊಡೋರು ಯಾರು ಸಿಸ್ಟರ್’ ಎಂದು ನನ್ನನ್ನೇ ಕೇಳುತ್ತಾನೆ. ಹೆಂಡತಿ ಶರಾವತಿ ಮಾತ್ರ ಬಾಗಿಲ ಹಿಂದೆ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು. ಗುತ್ಯಮ್ಮನದ್ದೂ ಇದೆ, ಅರವತ್ತನಾಲ್ಕು ವರ್ಷ, ಒಬ್ಬಳೇ ಇರುವ ಹೆಂಗಸು. ಕೆಮ್ಮು ಜೋರಾಗಿದೆ. ಅವಳದೇ ನನಗೆ ಯೋಚನೆ.

ಊಟ ಸರಿಯಾಗಿ ಮಾಡು.

ಚಿಕ್ಕಮ್ಮ

ಸಾಗರ
15 ಮೇ 2021

ಚಿಕ್ಕಮ್ಮ,

ಪುರುಸೊತ್ತಿಲ್ಲ, ವಿನೋದ್ ಜೀಪು ಬಂದ್ ಮಾಡದೆ ನಿಂತಿದ್ದಾನೆ. ರಿಪೋರ್ಟ್ ಇದರ ಜೊತೆ ಇದೆ. ನಂಬರ್ 17: ಐಎಲ್-6 ನೂರಾ ತೊಂಬತ್ತು, ಸಿಆರ್‌ಪಿ, ಡಿ-ಡೈಮರ್ ಎರಡೂ ಮೇಲೆ. ಬೆರಳಿನ ಅಂಕಿ ಎಷ್ಟೇ ಚೆನ್ನಾಗಿದ್ದರೂ ಕಾಯಬೇಡ, ಮೊದಲ ಬೆಡ್ ಇವರಿಗೇ. ನಂಬರ್ 11 ಎಲ್ಲ ನಾರ್ಮಲ್. ಉಳಿದವರಲ್ಲಿ ಅಂಥದ್ದೇನಿಲ್ಲ.

ಭಾವನಾ

ಹುಲಿಕಲ್ ಸಮೀಪ
17 ಮೇ 2021

ಪ್ರೀತಿಯ ಭಾವನಾ,

ನೀನು ಹೇಳಿದ ಹದಿನೇಳನೇ ನಂಬರು ಗುತ್ಯಮ್ಮನದೇ. ನನ್ನ ಅಂದಾಜು ಸರಿಯಾಯಿತು ನೋಡು. ನಿನ್ನೆ ಅವಳನ್ನು ತೀರ್ಥಹಳ್ಳಿಗೆ ಕಳಿಸಿದೆ. ಇದ್ದದ್ದು ಒಂದೇ ಬೆಡ್. ಹಸುವನ್ನು ಪಕ್ಕದ ಮನೆಗೆ ಒಪ್ಪಿಸಿ, ಅದರ ಕಿವಿ ಹತ್ತಿರ ಏನೋ ಹೇಳಿ ಬಂದಳು. ಗಾಡಿ ಹತ್ತುವಾಗ ನನ್ನ ಕೈ ಹಿಡಿದು, ‘ಅಮ್ಮಾ, ನಂಗೆ ಎಂತ ಆಗಿಲ್ಲ. ಅಲ್ಲಿ ಹೋದೋರು ಯಾರೂ ತಿರುಗಿ ಬಂದಿಲ್ಲ. ನನ್ನ ಯಾಕೆ ಕಳಿಸ್ತೀರಿ’ ಎಂದು ಅತ್ತಳು. ದಿಬ್ಬದ ಮೇಲಿನ ಮನೆಯಿಂದ ರಸ್ತೆಯವರೆಗೆ ಎಲ್ಲಿಯೂ ನಿಲ್ಲದೆ ನಡೆದು ಬಂದಿದ್ದಳು, ಏದುಸಿರು ಇರಲಿಲ್ಲ. ನಿನ್ನ ಯಂತ್ರ ಹೇಳದಿದ್ದರೆ ನಾನು ಕಳಿಸುತ್ತಲೇ ಇರಲಿಲ್ಲ.

ನಟರಾಜನಿಗೆ ಎಲ್ಲ ನಾರ್ಮಲ್ ಎಂದು ಹೇಳಿದಾಗ ಶರಾವತಿ ನೆಟ್ಟಗೆ ಅಡುಗೆಮನೆಗೆ ಹೋದಳು. ಮೂರು ದಿನದಿಂದ ಅನ್ನ ಮುಟ್ಟಿರಲಿಲ್ಲವಂತೆ. ನನ್ನ ಎದುರೇ ತಟ್ಟೆ ಹಾಕಿಕೊಂಡು ಉಂಡಳು. ನಟರಾಜನಿಗೆ ಇನ್ನೂ ಒಂದು ವಾರ ಮನೆಯಲ್ಲಿರು ಎಂದಿದ್ದೇನೆ. ಆದರೆ ಗಾಳಿ ಜೋರಾಗಿದೆ, ಘಾಟಿಯಲ್ಲಿ ಕಂಬಗಳು ಸಾಲಾಗಿ ಬಿದ್ದಿವೆ. ಅವನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ.

ನಿನ್ನ ಅಂಕಿ ನೋಡಿದ ಮೇಲೆ ನನಗೂ ಸ್ವಲ್ಪ ಧೈರ್ಯ ಬಂದಿದೆ.

ಚಿಕ್ಕಮ್ಮ

ಸಾಗರ
19 ಮೇ 2021

ಪ್ರೀತಿಯ ಚಿಕ್ಕಮ್ಮ,

ಒಂದು ಸಣ್ಣ ವಿಷಯ. ನಟರಾಜ್ ಎನ್ನುವವರ ರಕ್ತವನ್ನು ಇನ್ನೊಂದು ಸಲ ತೆಗೆದು ಇವತ್ತೇ ವಿನೋದನ ಕೈಯಲ್ಲಿ ಕಳಿಸುತ್ತೀಯಾ? ಆ ದಿನ ಮಷೀನಿನ ಕೆಮಿಕಲ್ ಮುಗಿಯುತ್ತಾ ಬಂದಿತ್ತು. ಒಂದೆರಡು ರಿಪೋರ್ಟ್ ಮತ್ತೆ ನೋಡುವುದು ಒಳ್ಳೆಯದು ಅನಿಸಿತು. ಹೆದರುವಂಥದ್ದೇನಿಲ್ಲ. ಅಲ್ಲಿಯವರೆಗೆ ಅವರು ಕೆಲಸಕ್ಕೆ ಹೋಗುವುದು ಬೇಡ. ಕಂಬ ಹತ್ತುವುದಂತೂ ಬೇಡವೇ ಬೇಡ. ದಿನಕ್ಕೆ ನಾಲ್ಕು ಸಲ ಆಕ್ಸಿಜನ್ ನೋಡು.

ಮರೆಯದೆ ಕಳಿಸು. ಇವತ್ತೇ.

ಭಾವನಾ

ಹುಲಿಕಲ್ ಸಮೀಪ
19 ಮೇ 2021

ಪ್ರೀತಿಯ ಭಾವನಾ,

ವಿನೋದ್ ಕಾಯುತ್ತಿದ್ದಾನೆ, ನಾಲ್ಕೇ ಸಾಲು. ನೀನು ಸುಮ್ಮನೆ ತಲೆ ಬಿಸಿ ಮಾಡಿಕೊಳ್ಳುತ್ತಿದ್ದೀ. ಒಬ್ಬಳೇ ಅಷ್ಟು ಜನರ ರಕ್ತ ನೋಡಿದರೆ ಯಾರಿಗಾದರೂ ಎಲ್ಲದರ ಮೇಲೂ ಅನುಮಾನ ಬರುತ್ತದೆ. ನಾರ್ಮಲ್ ಎಂದು ನೀನೇ ಬರೆದಿದ್ದೀಯಲ್ಲ. ಈಗ ಮತ್ತೆ ಸೂಜಿ ಹಿಡಿದು ಹೋದರೆ ಶರಾವತಿ ಊಟ ಬಿಡುತ್ತಾಳೆ.

ನಟರಾಜ್ ನಿನ್ನೆಯಿಂದಲೇ ಕಂಬ ನಿಲ್ಲಿಸುವ ಗ್ಯಾಂಗಿನವರ ಜೊತೆ ಘಾಟಿಗೆ ಹೋಗುತ್ತಿದ್ದಾನೆ. ಬೆಳಿಗ್ಗೆ ಇಲ್ಲಿಗೆ ಬಂದು ಹೋದ. ಸ್ವಲ್ಪ ಕೆಮ್ಮು. ಆಕ್ಸಿಜನ್ ತೊಂಬತ್ತೈದು. ಯೋಚನೆ ಬೇಡ.

ನೀನು ಎರಡು ದಿನ ರಜೆ ಕೇಳು.

ಚಿಕ್ಕಮ್ಮ

ಸಾಗರ
21 ಮೇ 2021, ಬೆಳಿಗ್ಗೆ

ಚಿಕ್ಕಮ್ಮ,

ಕೆಮಿಕಲ್ ಮುಗಿದಿರಲಿಲ್ಲ. ನಾನು ಸುಳ್ಳು ಹೇಳಿದೆ.

ಹದಿನೆಂಟನೇ ತಾರೀಕು ತೀರ್ಥಹಳ್ಳಿಯಿಂದ ಲ್ಯಾಬಿಗೆ ಫೋನು ಬಂತು. ನೀವು ರಿಪೋರ್ಟ್ ಕೊಟ್ಟ ಗುತ್ಯಮ್ಮನ ರಕ್ತ ಇಲ್ಲಿ ಮತ್ತೆ ನೋಡಿದೆವು, ಸಿಆರ್‌ಪಿ, ಡಿ-ಡೈಮರ್ ಎರಡೂ ನಾರ್ಮಲ್ ಇವೆ, ನಾಲ್ಕೇ ದಿನದಲ್ಲಿ ಇಷ್ಟು ಇಳಿಯಲು ಸಾಧ್ಯವೇ ಇಲ್ಲ, ನಿಮ್ಮ ರಿಪೋರ್ಟ್ ಇನ್ನೊಮ್ಮೆ ನೋಡಿ ಎಂದರು. ನಾನು ಫ್ರಿಜ್ಜಿನಿಂದ ಆ ದಿನದ ಟ್ಯೂಬುಗಳನ್ನು ತೆಗೆದು ಎರಡನ್ನೂ ಮತ್ತೆ ಹಾಕಿದೆ. ಅಂಕಿ ಅವೇ ಬಂದವು. ಒಂದು ನಾರ್ಮಲ್, ಒಂದು ನೂರಾ ತೊಂಬತ್ತು. ಮಷೀನು ತಪ್ಪು ಮಾಡಿಲ್ಲ. ನನ್ನ ಕೈಯಲ್ಲಿ ಹನ್ನೊಂದು ಹದಿನೇಳು ಅದಲು ಬದಲಾಗಿದೆ.

ನೂರಾ ತೊಂಬತ್ತು ನಟರಾಜನದು.

ಹದಿನೆಂಟರ ಮಧ್ಯಾಹ್ನವೇ ನನಗೆ ಗೊತ್ತಿತ್ತು. ಹತ್ತೊಂಬತ್ತಕ್ಕೆ ನಿನಗೆ ಬರೆಯುವಾಗ ಕೆಲಸ ಹೋಗುತ್ತದೆ, ಪೊಲೀಸ್ ಬರುತ್ತಾರೆ, ಅಮ್ಮನಿಗೆ ಗೊತ್ತಾಗುತ್ತದೆ ಎಂದೆಲ್ಲ ತಲೆಗೆ ಬಂತು. ಹೊಸ ರಕ್ತ ಬಂದರೆ ಹೊಸ ರಿಪೋರ್ಟ್ ಕೊಟ್ಟು, ಯಾರಿಗೂ ತಿಳಿಯದ ಹಾಗೆ ಸರಿ ಮಾಡಿಬಿಡಬಹುದು ಅಂದುಕೊಂಡೆ. ಅವರು ಕಂಬ ಹತ್ತುತ್ತಿದ್ದಾರೆ ಎಂದು ನಿನ್ನ ಕಾಗದದಲ್ಲಿ ಓದಿದ ಮೇಲೆ ಕೂರಲೂ ಆಗುತ್ತಿಲ್ಲ, ನಿಲ್ಲಲೂ ಆಗುತ್ತಿಲ್ಲ.

ಈಗಷ್ಟೇ ಡಾಕ್ಟರ್ ಹೇರಂಬರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ‘ವಿನೋದನನ್ನು ನೇರ ಹುಲಿಕಲ್ಲಿಗೆ ಓಡಿಸು’ ಎಂದಷ್ಟೇ ಹೇಳಿ ಇಟ್ಟರು. ಚಿಕ್ಕಮ್ಮ, ಈ ಕಾಗದ ಓದಿ ಮುಗಿಸಬೇಡ. ಹೋಗು.

ಭಾವನಾ

ಸಾಗರ
24 ಮೇ 2021

ಚಿಕ್ಕಮ್ಮ,

ಇದನ್ನು ಯಾರ ಕೈಯಲ್ಲಿ ಕಳಿಸುವುದೋ ಗೊತ್ತಿಲ್ಲ. ವಿನೋದ್ ಮೂರು ದಿನದಿಂದ ಬಂದಿಲ್ಲ. ಇಪ್ಪತ್ತೊಂದರ ಸಂಜೆ ಡಾಕ್ಟರಿಗೆ ಫೋನು ಮಾಡಿದಾಗ, ‘ಮರ ಬಿದ್ದು ರಸ್ತೆ ಬಂದಾಗಿದೆ, ವನಮಾಲಾ ಇಲ್ಲಿಗೆ ಬಂದಿಲ್ಲ, ಜೀಪೂ ಬಂದಿಲ್ಲ’ ಎಂದರು. ಮೊನ್ನೆಯಿಂದ ಅವರ ಫೋನೂ ಹತ್ತುತ್ತಿಲ್ಲ.

ಐದನೇ ದಿನ ನೂರಾ ತೊಂಬತ್ತು ಇದ್ದವರು ಹದಿನಾರನೇ ದಿನಕ್ಕೆ ಏನಾಗಿರಬಹುದು ಎಂದು ಹಳೆಯ ರಿಜಿಸ್ಟರ್ ತೆಗೆದು ಒಬ್ಬೊಬ್ಬರನ್ನೇ ನೋಡಿದೆ. ನೋಡಬಾರದಿತ್ತು.

ಲ್ಯಾಬಿನ ಬಾಗಿಲಲ್ಲಿ ಯಾವ ಗಾಡಿ ನಿಂತರೂ ವಿನೋದನದೇ ಎಂದು ಎದ್ದು ಹೋಗಿ ನೋಡುತ್ತೇನೆ. ಟ್ಯೂಬಿನ ಮೇಲಿನ ನಂಬರನ್ನು ಗಟ್ಟಿಯಾಗಿ ಓದಿ, ಹಾಳೆ ನೋಡಿ, ಮತ್ತೆ ಟ್ಯೂಬು ನೋಡುತ್ತೇನೆ. ಕೆಲಸ ಮುಗಿಯುವುದೇ ಇಲ್ಲ. ನಿನಗೂ ಜ್ವರ ಬಂದಿಲ್ಲ ತಾನೆ? ಬಯ್ಯಬೇಕಾದರೆ ಬಯ್ದು ಬರೆ. ಒಂದು ಸಾಲಾದರೂ ಬರೆ.

ಭಾವನಾ

ತೀರ್ಥಹಳ್ಳಿ
26 ಮೇ 2021

ಪ್ರೀತಿಯ ಭಾವನಾ,

ಇಲ್ಲಿ ಫೋನು ಹತ್ತುತ್ತದೆ. ನಿನ್ನ ನಂಬರ್ ಎರಡು ಸಲ ಒತ್ತಿ ಕಟ್ ಮಾಡಿದೆ. ಬಾಯಲ್ಲಿ ಹೇಳಲು ನನಗಾಗದು, ಅದಕ್ಕೇ ಬರೆಯುತ್ತಿದ್ದೇನೆ.

ನಟರಾಜ್ ಬದುಕಿದ್ದಾನೆ. ಮೊದಲು ಅದನ್ನು ಓದಿಕೋ. ಮೂಗು ಬಾಯಿಗೆ ಮಾಸ್ಕ್ ಹಾಕಿ, ಜೋರಾಗಿ ಆಕ್ಸಿಜನ್ ಬಿಟ್ಟು ಮಲಗಿಸಿದ್ದಾರೆ.

ಇಪ್ಪತ್ತೊಂದರ ಬೆಳಿಗ್ಗೆ, ನಿನ್ನ ಕಾಗದ ಬರುವ ಮೊದಲೇ ನಾನು ಅವನನ್ನು ಹುಡುಕಿಕೊಂಡು ಘಾಟಿಯ ಕಡೆ ಹೊರಟಿದ್ದೆ. ಯಾಕೆ ಎಂದು ಆಮೇಲೆ ಬರೆಯುತ್ತೇನೆ. ಎರಡು ಮೈಲಿ ನಡೆದ ಮೇಲೆ ಗ್ಯಾಂಗಿನವರು ಸಿಕ್ಕರು. ನಟರಾಜ್ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದ. ಹತ್ತಲು ಹೋಗಿ ನಾಲ್ಕು ಅಡಿ ಏರಿ ಇಳಿದನಂತೆ. ‘ಯಾಕೋ ಇವತ್ತು ಕಂಬ ಎತ್ತರ ಆದಂಗಿದೆ ಸಿಸ್ಟರ್’ ಎಂದ. ತುಟಿ ನೀಲಿಯಾಗಿತ್ತು. ಬೆರಳಿಗೆ ಆಕ್ಸಿಮೀಟರ್ ಹಾಕಿದೆ. ಎಂಬತ್ತನಾಲ್ಕು.

ಅವರ ಬಿದಿರೇಣಿಯ ಮೇಲೆ ಕಂಬಳಿ ಹಾಸಿ ಮಲಗಿಸಿ ನಾಲ್ಕು ಜನ ಹೊತ್ತರು. ಅವನು ಮಾತಾಡುತ್ತಲೇ ಇದ್ದ, ಯಾವ ಕಂಬದ ತಂತಿ ಇನ್ನೂ ಕಟ್ಟಿಲ್ಲ ಎಂದು. ಮಾತಾಡಬೇಡ ಎಂದು ನಾನು ಗದರಿದೆ. ರಸ್ತೆಗೆ ಅಡ್ಡ ದೊಡ್ಡ ಧೂಪದ ಮರ ಬಿದ್ದಿತ್ತು. ಅದರಾಚೆ ವಿನೋದನ ಜೀಪು ನಿಂತಿತ್ತು. ಏಣಿಯನ್ನು ಮರದ ಮೇಲಿಂದ ದಾಟಿಸುವಾಗ ವಿನೋದ್ ಒಂದು ಕೈಯಲ್ಲಿ ಏಣಿ ಹಿಡಿದು, ಇನ್ನೊಂದು ಕೈಯಲ್ಲಿ ನಿನ್ನ ಕಾಗದ ಕೊಟ್ಟ. ಅದನ್ನು ನಾನು ಜೀಪಿನಲ್ಲಿ, ನಟರಾಜನ ತಲೆ ತೊಡೆಯ ಮೇಲಿಟ್ಟುಕೊಂಡು ಓದಿದೆ. ‘ಎಂತದು ಸಿಸ್ಟರ್, ಮನೆಯಿಂದ ಕಾಗದವಾ’ ಎಂದು ಕೇಳಿದ. ಹೌದು ಎಂದೆ.

ಇಲ್ಲಿ ಬಂದರೆ ಬೆಡ್ ಇರಲಿಲ್ಲ. ಬಾಗಿಲಲ್ಲಿ ಸ್ಟ್ರೆಚರ್ ಮೇಲೆ ಇಟ್ಟುಕೊಂಡು ಮುಕ್ಕಾಲು ಗಂಟೆ ನಿಂತೆವು. ಒಳಗಿಂದ ಗುತ್ಯಮ್ಮ ನನ್ನ ದನಿ ಕೇಳಿ ಎದ್ದು ಬಂದಳು. ನೋಡಿದವಳೇ ಡ್ಯೂಟಿ ಡಾಕ್ಟರಿಗೆ, ‘ನಂಗೆ ಎಂತ ಆಗಿಲ್ಲ ಅಂತ ಮೊದ್ಲಿಂದ ಹೇಳ್ತಿದೀನಿ. ನಾನು ಏಳ್ತೀನಿ, ಅವ್ನನ್ನ ಮಲಗ್ಸಿ’ ಎಂದಳು. ಅವರು ಅವಳ ಹೊಸ ರಿಪೋರ್ಟ್ ನೋಡಿ ಒಪ್ಪಿದರು. ತನ್ನ ಸೀರೆಯ ಗಂಟು ಎತ್ತಿಕೊಂಡು ವರಾಂಡದ ಬೆಂಚಿನಲ್ಲಿ ಕೂತಳು. ನಿನಗೆ ಸಮಾಧಾನವಾಗಲಿ ಎಂದು ಇದನ್ನು ಬರೆಯುತ್ತಿಲ್ಲ. ನಡೆದದ್ದು ಹೀಗೆ.

ಈಗ ನನ್ನದು. ಹದಿಮೂರನೇ ತಾರೀಕು ಟ್ಯೂಬಿಗೆ ಅಂಟಿಸುವ ಚೀಟಿ ಮುಗಿದಿತ್ತು. ಒಬ್ಬೊಬ್ಬರ ಎರಡು ಟ್ಯೂಬನ್ನೂ ಸೇರಿಸಿ ಒಂದೇ ಪ್ಲಾಸ್ಟರ್ ಪಟ್ಟಿ ಸುತ್ತಿ, ಒದ್ದೆ ಗ್ಲೌಸಿನಲ್ಲೇ ಪೆನ್ನು ಹಿಡಿದು ನಂಬರ್ ಬರೆದೆ. ಐಸಿನ ನೀರಿಗೆ ಶಾಯಿ ಹರಡುತ್ತದೆ ಎಂದು ಗೊತ್ತಿತ್ತು. ನನ್ನ ಏಳು ಮೊದಲೇ ಒಂದರ ಹಾಗೆ ಕಾಣುತ್ತದೆ. ಗುತ್ಯಮ್ಮ ದಿಬ್ಬದಿಂದ ನಿಲ್ಲದೆ ನಡೆದು ಬಂದಳಲ್ಲ, ಆಗಲೇ ನನಗೆ ಅನುಮಾನ ಬಂದಿತ್ತು. ನಂಬರ್ ಹೆಚ್ಚುಕಮ್ಮಿ ಆಯಿತಾ ಎಂದುಕೊಂಡೆ. ಆಮೇಲೆ ನಿನ್ನ ರಿಪೋರ್ಟಿನ ಮೇಲೆ ಭಾರ ಹಾಕಿ ಸುಮ್ಮನಾದೆ. ಹತ್ತೊಂಬತ್ತರ ಬೆಳಿಗ್ಗೆ ನಟರಾಜನ ಆಕ್ಸಿಜನ್ ತೊಂಬತ್ತೈದು ಇರಲಿಲ್ಲ, ತೊಂಬತ್ತೊಂದಿತ್ತು. ಕೈ ತಣ್ಣಗಿದೆ, ಅದಕ್ಕೆ ಹಾಗೆ ತೋರಿಸಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಿನಗೆ ತೊಂಬತ್ತೊಂದು ಎಂದು ಬರೆದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆಗೆ ತೊಂಬತ್ತೈದು ಎಂದು ಬರೆದೆ. ಎರಡು ದಿನ ಹಾಗೇ ಇದ್ದು, ಇಪ್ಪತ್ತೊಂದಕ್ಕೆ ತಡೆಯಲಾರದೆ ಹೊರಟೆ.

ಹಾಗಾಗಿ ತಪ್ಪು ನಿನ್ನದಲ್ಲ ಕೂಸೇ. ನಂಬರ್ ಹಾಳು ಮಾಡಿದವಳು ನಾನು. ಡಾಕ್ಟರಿಗೂ ಹಾಗೇ ಹೇಳುತ್ತೇನೆ. ನೀನು ತಲೆ ಕೆಡಿಸಿಕೊಳ್ಳಬೇಡ.

ಐಎಲ್-6 ಇಲ್ಲಿ ಆಗುವುದಿಲ್ಲವಂತೆ. ಅವನ ರಕ್ತ ನಿಮ್ಮಲ್ಲಿಗೇ ಬರುತ್ತಿದೆ, ರಸ್ತೆ ಬಂದಾಗಿ ಇಲ್ಲೇ ಉಳಿದ ವಿನೋದನ ಕೈಯಲ್ಲಿ, ಈ ಕಾಗದದ ಜೊತೆಗೇ. ಈ ಸಲ ಹೆಸರು ಬರೆದಿದ್ದೇನೆ.

ಚಿಕ್ಕಮ್ಮ

ಸಾಗರ
29 ಮೇ 2021

ಪ್ರೀತಿಯ ಚಿಕ್ಕಮ್ಮ,

ನಟರಾಜನ ಟ್ಯೂಬು ನನ್ನ ಮುಂದಿದೆ. ಮಷೀನಿಗೆ ಎರಡು ಸಲ ಹಾಕಿದೆ. ನಾನೂರ ಹನ್ನೆರಡು. ಇಂಥ ಅಂಕಿಯವರಲ್ಲಿ ಕೆಲವರು ಉಳಿದಿದ್ದಾರೆ. ಬಹಳ ಜನ ಉಳಿದಿಲ್ಲ. ಇದಕ್ಕಿಂತ ಮೆತ್ತಗೆ ಬರೆಯಲು ನನಗೆ ಬರುವುದಿಲ್ಲ.

ತಪ್ಪು ನನ್ನದಲ್ಲ ಎಂದು ನೀನು ಬರೆದ ಸಾಲನ್ನು ಎಷ್ಟು ಸಲ ಓದಿದೆನೋ. ಆ ಸಾಲಿನ ಹಿಂದೆ ಅಡಗಿ ಕೂತುಬಿಡಬಹುದಿತ್ತು. ನೀನು ಒಪ್ಪಿಕೊಂಡಾಗಿದೆ, ಡಾಕ್ಟರೂ ನಂಬುತ್ತಾರೆ. ಆದರೆ ನಾನು ನಿನಗೆ ಇನ್ನೂ ಪೂರ್ತಿ ಹೇಳಿಲ್ಲ.

ಅದಲು ಬದಲಾಯಿತು ಎಂದು ಬರೆದಿದ್ದೆ. ತನ್ನಷ್ಟಕ್ಕೆ ಆಗಲಿಲ್ಲ. ಪಟ್ಟಿಯ ಮೇಲೆ ಶಾಯಿ ಹರಡಿ ಹನ್ನೊಂದೋ ಹದಿನೇಳೋ ತಿಳಿಯುತ್ತಿಲ್ಲ ಎನ್ನುವುದನ್ನು ನಾನು ಆ ದಿನವೇ ನೋಡಿದ್ದೆ. ಒಂದರ ಅಂಕಿ ಸರಿ ಇದೆ, ಇನ್ನೊಂದರದು ಕೆಟ್ಟಿದೆ, ಯಾವುದು ಯಾರದು ಗೊತ್ತಿಲ್ಲ. ಆಗ ನೀನು ಕಳಿಸಿದ ಹಾಳೆ ತೆಗೆದು ವಯಸ್ಸು ನೋಡಿದೆ. ಹನ್ನೊಂದು, ಮೂವತ್ತಾರು ವರ್ಷ. ಹದಿನೇಳು, ಅರವತ್ತನಾಲ್ಕು ವರ್ಷ. ಕೆಟ್ಟ ರಕ್ತ ವಯಸ್ಸಾದವರದೇ ಇರಬೇಕು ಎಂದು ಬರೆದುಬಿಟ್ಟೆ. ಅರ್ಧ ನಿಮಿಷವೂ ಯೋಚಿಸಲಿಲ್ಲ. ಹೊರಗೆ ವಿನೋದ್ ಹಾರ್ನ್ ಹೊಡೆಯುತ್ತಿದ್ದ, ರ್‍ಯಾಕಿನಲ್ಲಿ ಇನ್ನೂ ಅರವತ್ತು ಜನರ ಟ್ಯೂಬಿತ್ತು.

‘ಎರಡರಲ್ಲಿ ಒಂದು, ಯಾವುದು ಎಂದು ತಿಳಿಯುತ್ತಿಲ್ಲ, ಇಬ್ಬರದೂ ಮತ್ತೆ ಕಳಿಸು’ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ವಯಸ್ಸು ನೋಡಿ ಅಂದಾಜು ಮಾಡುವುದಾದರೆ ಈ ಪರೀಕ್ಷೆ ಯಾಕೆ, ಚಿಕ್ಕಮ್ಮ? ಕಣ್ಣಿಗೆ ಕಾಣುವುದನ್ನು ನಂಬಿ ಮೋಸಹೋಗಬಾರದು ಎಂದೇ ಅಲ್ಲವೇ ಡಾಕ್ಟರ್ ಇದನ್ನು ಶುರು ಮಾಡಿದ್ದು?

ಇದನ್ನೆಲ್ಲ ಬರೆದು ಸಹಿ ಹಾಕಿ ಡಾಕ್ಟರಿಗೂ, ನಮ್ಮ ಲ್ಯಾಬಿನ ಮುಖ್ಯಸ್ಥರಿಗೂ ಕೊಟ್ಟಿದ್ದೇನೆ. ಮುಖ್ಯಸ್ಥರು ಓದಿ ಡ್ರಾಯರಿನಲ್ಲಿಟ್ಟರು, ಸದ್ಯ ಬೇರೆ ಯಾರೂ ಇಲ್ಲ, ಕೆಲಸ ನೋಡು ಎಂದರು. ನಿನ್ನ ಶಾಯಿ ಹರಡಿದ್ದು ನಿಜ. ತಪ್ಪು ನಂಬರ್ ಬರೆದವಳು ನಾನೇ.

ಭಾವನಾ

ಹುಲಿಕಲ್ ಸಮೀಪ
12 ಜೂನ್ 2021

ಭಾವನಾ,

ನಟರಾಜ್ ಜೂನ್ ಮೂರನೇ ತಾರೀಕು ಹೋದ. ಡಾಕ್ಟರ್ ಹೇಳಿ ನಿನಗೆ ಗೊತ್ತಾಗಿರಬೇಕು.

ನಿನ್ನ ಕಾಗದ ಬಂದದ್ದು ಅದಕ್ಕೆ ಎರಡು ದಿನ ಮೊದಲು. ಓದಿದೆ. ಬರೆಯಲು ಕೂತರೆ ನಿನ್ನ ಮೇಲೆ ಸಿಟ್ಟು ಬರುತ್ತಿತ್ತು. ಅಳುವೂ ಬರುತ್ತಿತ್ತು. ಎರಡರಲ್ಲಿ ಯಾವುದನ್ನೂ ಬರೆಯಬಾರದು ಎಂದು ಇಷ್ಟು ದಿನ ಸುಮ್ಮನಿದ್ದೆ.

ಕೊನೆಯ ಎರಡು ದಿನ ಅವನಿಗೆ ಮಾತಾಡಲು ಆಗುತ್ತಿರಲಿಲ್ಲ. ಕೈಸನ್ನೆ ಮಾಡಿ ಪೆನ್ನು ಕೇಳಿದ. ಒಂದು ಕಂಬದ ನಂಬರ್ ಬರೆದು ಕೆಳಗೆ ‘ಲೈನ್ ಆಫ್ ಇದೆಯಾ ನೋಡಿ’ ಎಂದು ಬರೆದ. ಶರಾವತಿಯನ್ನು ಒಳಗೆ ಬಿಡಲಿಲ್ಲ. ಕಿಟಕಿಯ ಆಚೆ ನಿಂತಿದ್ದಳು.

ನಿನ್ನೆ ಅವಳ ಮನೆಗೆ ಹೋಗಿ ಹೇಳಿದೆ. ಹೇಳದೆ ಇರಬಹುದಿತ್ತು. ಊರಿನವರಿಗೆ ಯಾರಿಗೂ ಗೊತ್ತಿಲ್ಲ, ನನ್ನನ್ನು ದೇವರ ಹಾಗೆ ನೋಡುತ್ತಾರೆ, ಏಣಿಯ ಮೇಲೆ ಹೊತ್ತು ತಂದವಳು ಎಂದು. ಅದನ್ನು ಕೇಳಿ ಕೇಳಿ ಇರಲಾಗಲಿಲ್ಲ. ನಂಬರ್ ಹೇಗೆ ಬರೆದೆ, ತೊಂಬತ್ತೊಂದನ್ನು ಹೇಗೆ ಮುಚ್ಚಿಟ್ಟೆ, ಸಾಗರದಲ್ಲಿ ನನ್ನ ಅಕ್ಕನ ಮಗಳು ಏನು ಮಾಡಿದಳು, ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

ಅಕ್ಕಿಯ ಕಲ್ಲೊಂದನ್ನು ಆಚೆ ಹಾಕಿ ಕೇಳಿದಳು. ‘ಗುತ್ಯಮ್ಮನ ಬದ್ಲು ಆವತ್ತೇ ಇವ್ರನ್ನ ಕಳಿಸಿದ್ರೆ ಉಳೀತಿದ್ರಾ ಸಿಸ್ಟರ್?’

‘ಗೊತ್ತಿಲ್ಲ ಶರಾವತಿ’ ಎಂದೆ. ‘ಉಳೀಬಹುದಿತ್ತು. ಉಳೀದೇನೂ ಇರಬಹುದಿತ್ತು.’

‘ಆ ಹುಡುಗಿಗೆ ಗೊತ್ತಿರ್ತದಾ?’

‘ಅವಳಿಗೂ ಗೊತ್ತಿರಲಿಕ್ಕಿಲ್ಲ.’

‘ಹಾಗಾದ್ರೆ ಅದನ್ನೇ ಬಂದು ನನ್ನೆದ್ರು ಹೇಳ್ಲಿ. ಕಾಗದ ಬೇಡ’ ಎಂದಳು. ನಾನು ಎದ್ದು ಬರುವಾಗ, ‘ನೀವೂ ಇನ್ನು ಸ್ವಲ್ಪ ದಿನ ಬರ್ಬೇಡಿ. ನಿಮ್ಮನ್ನ ನೋಡಿದ್ರೆ ಆವತ್ತು ನಿಮ್ಮೆದ್ರು ಊಟ ಮಾಡಿದ್ದು ನೆನಪಾಗ್ತದೆ’ ಎಂದಳು.

ಬಾ ಎಂದು ನಾನು ಹೇಳುವುದಿಲ್ಲ. ಬರಬೇಡ ಎಂದೂ ಹೇಳುವುದಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ.

ಚಿಕ್ಕಮ್ಮ

ಸಾಗರ
6 ಜುಲೈ 2021

ಪ್ರೀತಿಯ ಚಿಕ್ಕಮ್ಮ,

ಈ ಕಾಗದಕ್ಕೆ ಇಪ್ಪತ್ತನಾಲ್ಕು ದಿನ ತೆಗೆದುಕೊಂಡೆ. ಬಸ್ ಇಲ್ಲ ಎನ್ನುವುದು ಒಂದು ನೆಪವಾಗಿತ್ತು. ನಿನ್ನೆಯಿಂದ ಬಸ್ ಬಿಟ್ಟಿದ್ದಾರೆ.

ಶರಾವತಿಯವರಿಗೆ ಏನು ಹೇಳಬೇಕು ಎಂದು ಹಾಳೆಯ ಮೇಲೆ ಬರೆದು ಬಾಯಿಪಾಠ ಮಾಡಿ ನೋಡಿದೆ. ಎಲ್ಲಿಂದ ಶುರು ಮಾಡಿದರೂ ನೂರೈವತ್ತು ಟ್ಯೂಬು, ಒಬ್ಬಳೇ, ಹಾರ್ನ್ ಎಂದೇ ಬರುತ್ತದೆ. ಅದೆಲ್ಲ ನಿಜ. ಅವರಿಗೆ ಅದರಿಂದ ಏನಾಗಬೇಕು? ಹರಿದು ಹಾಕಿದೆ. ಅವರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ, ಇಲ್ಲ ಎನ್ನುವುದನ್ನೇ ಹೇಳಬೇಕು.

ಅಮ್ಮನಿಗೆ ಮೊನ್ನೆ ಎಲ್ಲ ಹೇಳಿದೆ. ಜೊತೆಗೆ ಬರುತ್ತೇನೆ ಎಂದಳು, ಬೇಡ ಎಂದೆ. ಅವರು ಹೊಡೆಯಬಹುದು, ಬಯ್ಯಬಹುದು, ಬಾಗಿಲು ತೆಗೆಯದೆಯೂ ಇರಬಹುದು. ಇವ್ಯಾವುವೂ ಅಲ್ಲದೆ ಸುಮ್ಮನೆ ಒಂದು ಲೋಟ ನೀರು ತಂದಿಟ್ಟರೆ ಏನು ಮಾಡುವುದು ಎಂಬುದೇ ನನಗೆ ಹೆಚ್ಚಿನ ಹೆದರಿಕೆ.

ಗುರುವಾರ ಬೆಳಿಗ್ಗೆ ಇಲ್ಲಿಂದ ಹೊಸನಗರದ ಬಸ್ ಹತ್ತುತ್ತೇನೆ, ಅಲ್ಲಿಂದ ಘಾಟಿಯ ಕಡೆ ಹೋಗುವುದು ಯಾವುದು ಸಿಗುತ್ತದೋ ಅದು. ಹನ್ನೊಂದರ ಹೊತ್ತಿಗೆ ನಿಮ್ಮ ಸ್ಟಾಪಿನಲ್ಲಿ ಇಳಿಯುತ್ತೇನೆ. ನೀನು ರಸ್ತೆಯವರೆಗೆ ಬಂದು ಮನೆ ಯಾವುದೆಂದು ತೋರಿಸಿದರೆ ಸಾಕು. ಒಳಗೆ ನಾನೊಬ್ಬಳೇ ಹೋಗುತ್ತೇನೆ.

ಭಾವನಾ